ಮೂರನೇ ತಿರುವಿನ ಕೋಲು

ಆ ಪಾರ್ಕಿನಲ್ಲಿ ಎಲ್ಲಕ್ಕಿಂತ ಹಳೆಯದು ಗುಹೆಯೊಳಗಿನ ದೋಣಿಯಾಟ. ದೊಡ್ಡ ಚಕ್ರ ಬರುವ ಮೊದಲೇ, ಜನರನ್ನು ತಲೆಕೆಳಗು ಮಾಡಿ ಕಿರುಚಿಸುವ ರೈಲು ಬರುವ ಮೊದಲೇ ಅದು ಇತ್ತು. ಸಿಮೆಂಟಿನ ಗುಹೆ, ಮೊಣಕಾಲುದ್ದ ನೀರಿನ ಕಾಲುವೆ, ಅದರಲ್ಲಿ ಆರು ಜನ ಕೂರುವ ದೋಣಿ. ಎರಡೂ ದಡದ ಮೇಲೆ ಗೊಂಬೆಗಳದೇ ಒಂದು ಊರು. ಕಮ್ಮಾರ ಸುತ್ತಿಗೆ ಎತ್ತುತ್ತಿದ್ದ, ಒಬ್ಬಳು ಬಟ್ಟೆ ಒಗೆಯುತ್ತಿದ್ದಳು, ಡೋಲಿನವನು ಡೋಲು ಬಡಿಯುತ್ತಿದ್ದ, ಮೂರನೇ ತಿರುವಿನಲ್ಲಿ ಒಬ್ಬಳು ಮುದುಕಿ ತೊಟ್ಟಿಲು ತೂಗುತ್ತಿದ್ದಳು. ಎಲ್ಲ ಸೇರಿ ಇಪ್ಪತ್ತಾರು ಗೊಂಬೆ.

ಆ ಆಟ ನಡೆಸುತ್ತಿದ್ದವಳನ್ನು ಎಲ್ಲರೂ ದೋಣಿ ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ದೊಡ್ಡವರೂ ಹಾಗೇ ಅನ್ನುತ್ತಿದ್ದರು, ಅವಳೂ ಓ ಅನ್ನುತ್ತಿದ್ದಳು. ಅವಳ ಗಂಡ ಅಲ್ಲಿ ಫಿಟ್ಟರ್ ಆಗಿದ್ದ. ಅವನು ಬದುಕಿರುವ ತನಕ ಯಾವ ಗೊಂಬೆಯೂ ಒಂದು ದಿನದ ಮೇಲೆ ಎರಡನೇ ದಿನ ಸುಮ್ಮನೆ ನಿಂತದ್ದಿಲ್ಲ. ಜೇಬಿನಲ್ಲಿ ಯಾವಾಗಲೂ ಎರಡು ಸ್ಪ್ರಿಂಗು, ಒಂದು ತುಂಡು ತಂತಿ. ಅಂಗಿ ಒಗೆಯುವಾಗ ಅವು ಬೆರಳಿಗೆ ಚುಚ್ಚಿ ದೋಣಿ ಅಕ್ಕ ಬೈಯುತ್ತಿದ್ದಳು. ಅವನು ಹೋದ ಮೇಲೆ ಇವಳಿಗೆ ಕೆಲಸ ಕೊಟ್ಟರು. ಫಿಟ್ಟರ್ ಜಾಗಕ್ಕೆ ಮಾತ್ರ ಯಾರನ್ನೂ ತರಲಿಲ್ಲ. ಕೇಳಿದರೆ, "ಬರ್ತಾರಮ್ಮ, ಬರ್ತಾರೆ" ಅಂದರು.

ಬಂದದ್ದು ಫಿಟ್ಟರ್ ಅಲ್ಲ, ತುಕ್ಕು. ಮೊದಲು ಕಮ್ಮಾರನ ಸುತ್ತಿಗೆ ಮೇಲೆ ಹೋದದ್ದು ಕೆಳಗಿಳಿಯಲಿಲ್ಲ. ಆಮೇಲೆ ಡೋಲಿನವನ ಬಲಗೈ ನಿಂತಿತು. ನೀರು ತಳ್ಳುವ ಪಂಪು ಮುದಿಯಾಗಿ ದೋಣಿ ಮೂರನೇ ತಿರುವಿಗೆ ಬಂದು ಅಲ್ಲೇ ಕೂರತೊಡಗಿತು, ಹಟಮಾರಿ ಮಗು ದಾರಿ ಮಧ್ಯೆ ಕೂತ ಹಾಗೆ.

ಇದನ್ನು ಎಲ್ಲರಿಗಿಂತ ಮೊದಲು ಕಂಡವರು ಭಾನುವಾರದವರು. ವರ್ಷದ ಪಾಸು ಮಾಡಿಸಿಕೊಂಡು ಪ್ರತಿ ಭಾನುವಾರ ಬರುವ ಹತ್ತು ಹದಿನೈದು ಜನ. ಹೊಸ ಆಟಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಸೀದಾ ಗುಹೆಗೆ ಬರುತ್ತಿದ್ದರು. ಅವರಲ್ಲಿ ಹಿರಿಯರು ಗಡಿಯಾರದ ಅಜ್ಜ. ಕೈಗಡಿಯಾರ ರಿಪೇರಿ ಮಾಡಿ ಮಾಡಿ ಒಂದು ಕಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಹೆಂಡತಿ ಇದ್ದಾಗ ಇಬ್ಬರೂ ಬರುತ್ತಿದ್ದರು, ಈಗ ಒಬ್ಬರೇ ಬಂದು ಎರಡು ಸೀಟಿನ ಮಧ್ಯೆ ಕೂರುತ್ತಿದ್ದರು. ಇನ್ನೊಬ್ಬಳು ಕನ್ನಡಕದ ಟೀಚರ್. ಅವಳ ನಾಲಿಗೆಗೆ ಪಾರ್ಕಿನ ಕಾವಲುಗಾರನೂ ಹೆದರುತ್ತಿದ್ದ.

"ದೋಣಿ ಅಕ್ಕ, ನಿಮ್ಮ ಕಮ್ಮಾರ ಹೋದ ವರ್ಷ ಎತ್ತಿದ ಸುತ್ತಿಗೆ ಇನ್ನೂ ಇಳಿಸಿಲ್ಲವಲ್ಲ. ಕೈ ನೋವು ಬರಲ್ವಾ ಅವನಿಗೆ?" ಅನ್ನುತ್ತಿದ್ದಳು ಟೀಚರ್.

"ಮುಂದಿನ ರಜೆಗೆ ಬನ್ನಿ ಟೀಚರ್, ಎಲ್ಲ ಹೊಸದು ಮಾಡ್ತಾರಂತೆ."

"ಇದೇ ಮಾತನ್ನ ಹೋದ ರಜೆಗೂ ಹೇಳಿದ್ರಿ."

"ಅವರು ನನಗೆ ಹೇಳಿದ್ದನ್ನ ನಾನು ನಿಮಗೆ ಹೇಳ್ತೀನಿ. ನನ್ನ ಸ್ವಂತದ್ದು ಏನಿದೆ ಅದರಲ್ಲಿ?"

ಅವರು ಅಂದರೆ ಮ್ಯಾನೇಜರ್. ಬೆಣ್ಣೆಯಂಥ ಮಾತಿನ ಮನುಷ್ಯ. ಬಂದ ಹೊಸತರಲ್ಲೇ ಅವಳನ್ನು ತನ್ನ ಕೋಣೆಗೆ ಕರೆಸಿ, ಕುರ್ಚಿ ಕೊಟ್ಟು ಕೂರಿಸಿದ್ದ. ಆ ಪಾರ್ಕಿನಲ್ಲಿ ಅವಳಿಗೆ ಯಾರಾದರೂ ಕುರ್ಚಿ ಕೊಟ್ಟದ್ದು ಅದೇ ಮೊದಲು. ಮೇಜಿನ ಮೇಲೆ ಅವಳ ಆಟದ ರಿಜಿಸ್ಟರ್ ತೆರೆದಿತ್ತು. ದಿನಾ ಸಂಜೆ ತಾರೀಕು, ಎಷ್ಟು ಸುತ್ತು, ಎಷ್ಟು ಸಲ ನಿಂತಿತು, ಕೊನೆಗೆ ಷರಾ, ಇಷ್ಟು ಬರೆಯಬೇಕು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅಕ್ಷರ ಮಾತ್ರ ಪೋಣಿಸಿದ ಮಣಿಯ ಹಾಗೆ.

"ನೋಡಮ್ಮ," ಅಂದ ಮ್ಯಾನೇಜರ್, "ನಿಂತಿತು, ನಿಂತಿತು ಅಂತ ಬರೆದ್ರೆ ಮೇಲಿನವರು ಏನು ಮಾಡ್ತಾರೆ ಗೊತ್ತಾ? ಬೀಗ ಹಾಕ್ತಾರೆ. ಚೆನ್ನಾಗಿ ಓಡೋ ಆಟಕ್ಕೇ ಮೊದಲು ಹೊಸ ಪಂಪು, ಹೊಸ ಗೊಂಬೆ ಎಲ್ಲ ಬರೋದು. ನೀವು ಹೇಗಾದ್ರೂ ಓಡಿಸಿ, ಓಡಿತು ಅಂತ ಬರೀರಿ. ಮಿಕ್ಕಿದ್ದು ನನಗೆ ಬಿಡಿ."

ಅವಳು ಅವನಿಗೆ ಬಿಟ್ಟಳು. ಓಡಿಸುವುದನ್ನು ಮಾತ್ರ ತಾನು ಇಟ್ಟುಕೊಂಡಳು.

ಹೇಗೆ ಓಡಿಸಿದಳು ಅಂದರೆ, ದೋಣಿ ಮೂರನೇ ತಿರುವಿಗೆ ಬರಲು ನಾಲ್ಕು ನಿಮಿಷ ಬೇಕು. ಇವಳು ಜನರನ್ನು ಕೂರಿಸಿ, ಸರಪಳಿ ಬಿಚ್ಚಿ, ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ನುಗ್ಗಿದರೆ ಒಂದೂವರೆ ನಿಮಿಷದಲ್ಲಿ ಅಲ್ಲಿರುತ್ತಿದ್ದಳು. ಮುದುಕಿ ಗೊಂಬೆಯ ಹಿಂದೆ ಒಂದು ಗೂಡು. ಅಲ್ಲಿ ಕಪ್ಪು ಕೋಟು ಹಾಕಿಕೊಂಡು, ಉಸಿರು ಬಿಗಿ ಹಿಡಿದು ನಿಂತು, ದೋಣಿ ಬಂದು ಕೂತ ತಕ್ಷಣ ಅದರ ಹಿಂಭಾಗಕ್ಕೆ ಉದ್ದ ಕೋಲು ಕೊಟ್ಟು ತಳ್ಳುತ್ತಿದ್ದಳು. ತೊಟ್ಟಿಲಿನ ಯಂತ್ರವೂ ಕೆಟ್ಟಿತ್ತು. ಕೈಯೆರಡೂ ಕೋಲಿಗೆ ಬೇಕಲ್ಲ, ಅದಕ್ಕೆ ತೊಟ್ಟಿಲಿಗೆ ದಾರ ಕಟ್ಟಿ ಆ ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿದ್ದಳು. ಕೈ ದೋಣಿ ತಳ್ಳುತ್ತಿತ್ತು, ಕಾಲು ತೊಟ್ಟಿಲು ತೂಗುತ್ತಿತ್ತು. ದಿನಕ್ಕೆ ನಲವತ್ತು ಸುತ್ತು. ಸಂಜೆ ರಿಜಿಸ್ಟರ್‌ನಲ್ಲಿ "ನಿಂತದ್ದು: ಇಲ್ಲ. ಚೆನ್ನಾಗಿ ಓಡಿತು" ಅಂತ ಬರೆದು ಸಹಿ ಹಾಕುತ್ತಿದ್ದಳು. ಹೀಗೆ ಹನ್ನೊಂದು ವರ್ಷ.

ಮನೆಯಲ್ಲಿ ಅವಳ ತಂಗಿ ಇದ್ದಳು, ಹೊಲಿಗೆಯವಳು. ಅಕ್ಕನ ಹೆಬ್ಬೆರಳಿನ ಸುತ್ತ ಬಿದ್ದ ಗೆರೆ ನೋಡಿ ಒಂದು ದಿನ ಕೇಳಿದಳು, "ಏನಕ್ಕ ಇದು, ಬೆರಳಿಗೆ ಉಂಗುರ ಹಾಕಿಸ್ಕೊಂಡಿದ್ದೀಯಾ ಈ ವಯಸ್ಸಲ್ಲಿ?"

ವಿಷಯ ಕೇಳಿದ ಮೇಲೆ ತಂಗಿ ನಗಲಿಲ್ಲ. "ಆ ಮ್ಯಾನೇಜರು ನಿನ್ನ ಮೂಗಿಗೆ ತುಪ್ಪ ಸವರಿದ್ದಾನೆ ಕಣಕ್ಕ. ವಾಸನೆ ಹೀರ್ಕೊಂಡು ನಲಿದಾಡ್ತಿದ್ದೀಯ."

"ನಿನಗೇನು ಗೊತ್ತು? ಹೊಸ ಪಂಪು ಬಂದೇ ಬರುತ್ತೆ. ನಿಮ್ಮ ಭಾವನ ಗೊಂಬೆಗಳು ಮತ್ತೆ ಆಡ್ತವೆ, ನೀನೇ ನೋಡುವೆಯಂತೆ."

ಅವಳಿಗೆ ಬೇಕಾದದ್ದು ಅದೊಂದೇ. ಗಂಡನ ಕೈಯಲ್ಲಿ ಜೀವ ಹಿಡಿದಿದ್ದ ಇಪ್ಪತ್ತಾರೂ ಗೊಂಬೆ ಒಂದೇ ಸಲ ಆಡುವುದನ್ನು ಇನ್ನೊಮ್ಮೆ ನೋಡಬೇಕು. ಆಮೇಲೆ ಕೆಲಸ ಬಿಟ್ಟರೂ ಸರಿ.

ಹನ್ನೊಂದನೇ ವರ್ಷ ಪಾರ್ಕಿನವರು ಇನ್ನೊಂದು ಹೊಸ ರೈಲು ತಂದರು. ಗುಹೆಗೆ ಒಂದು ಬಲ್ಬೂ ಬರಲಿಲ್ಲ. ಭಾನುವಾರದವರ ತಾಳ್ಮೆ ಮುಗಿಯಿತು. ಟೀಚರ್ ಪಾರ್ಕಿನ ಮೇಲಿನವರಿಗೆ ಒಂದು ಅರ್ಜಿ ಬರೆದಳು. ಯಾವ ಗೊಂಬೆ ಯಾವ ತಿಂಗಳಿಂದ ನಿಂತಿದೆ, ಎಲ್ಲಿ ಬಣ್ಣ ಉದುರಿದೆ, ಎಲ್ಲ ಅದರಲ್ಲಿತ್ತು. ಪಂಪು ಸಾಯುತ್ತಿದೆ, ದೋಣಿ ತಿರುವಿನಲ್ಲಿ ತಡವರಿಸುತ್ತದೆ, ಎಂದೂ ಇತ್ತು. ದೋಣಿ ಅಕ್ಕನೇ ಅದನ್ನು ಸರಪಳಿಯ ಪಕ್ಕದ ಮೇಜಿನ ಮೇಲೆ ಇಟ್ಟುಕೊಂಡು, ಇಳಿದವರ ಕೈಗೆಲ್ಲ ಪೆನ್ನು ಕೊಟ್ಟಳು.

"ಒಂದು ಸಹಿ ಹಾಕಿ ಹೋಗಿ. ನಿಮ್ಮ ಮಕ್ಕಳು ನೋಡೋದಕ್ಕಾದ್ರೂ ಇರ್ಲಿ."

ನಾನೂರ ಹನ್ನೆರಡು ಸಹಿ ಆಯಿತು. ಗಡಿಯಾರದ ಅಜ್ಜ ತಮ್ಮ ಸಹಿಯ ಕೆಳಗೆ ತೀರಿಹೋದ ಹೆಂಡತಿಯ ಹೆಸರನ್ನೂ ಬರೆದರು. ಟೀಚರ್ ಅದನ್ನು ಹೊಡೆದುಹಾಕಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅವರೆಲ್ಲ ಒಟ್ಟಿಗೆ ಬಂದರು. ಯಾರೂ ದೋಣಿ ಹತ್ತಲಿಲ್ಲ. ಟೀಚರ್ ಚೀಲದಿಂದ ಒಂದು ಕಾಗದದ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು.

"ಉತ್ತರ ಬಂದಿದೆ ದೋಣಿ ಅಕ್ಕ. ಓದ್ತೀರಾ, ನಾನೇ ಓದ್ಲಾ?"

"ನೀವೇ ಓದಿ ಟೀಚರ್."

"ಹನ್ನೊಂದು ವರ್ಷದಲ್ಲಿ ಈ ಆಟ ಒಂದು ಸಲವೂ ನಿಂತಿಲ್ಲ, ನಮ್ಮ ದೂರಿಗೆ ಆಧಾರವಿಲ್ಲ ಅಂತ ಬರೆದಿದ್ದಾರೆ. ಸಾಕ್ಷಿಗೆ ಇದನ್ನ ಇಟ್ಟಿದ್ದಾರೆ."

ಹಾಳೆ ಹಾಳೆಯೂ ಜೆರಾಕ್ಸ್. ಹಾಳೆ ಹಾಳೆಯಲ್ಲೂ ಪೋಣಿಸಿದ ಮಣಿಯಂಥ ಅಕ್ಷರ. ನಿಂತದ್ದು: ಇಲ್ಲ. ಚೆನ್ನಾಗಿ ಓಡಿತು.

"ಈ ಕೈಬರಹ ಯಾರದು?"

ದೋಣಿ ಅಕ್ಕ ಮೇಲಿನ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ನನ್ನದೇ."

"ಒಂದು ಕೈಯಲ್ಲಿ ನಮ್ಮ ಹತ್ರ ಸಹಿ ಹಾಕಿಸ್ಕೊಂಡ್ರಿ, ಇನ್ನೊಂದು ಕೈಯಲ್ಲಿ ಹೀಗೆ ಬರೆದ್ರಿ. ನಾವು ನಿಮ್ಮನ್ನ ನಮ್ಮವರು ಅಂದ್ಕೊಂಡಿದ್ವಿ."

ಅವಳು ಕೋಲಿನ ಕತೆ ಹೇಳಿದಳು, ದಾರದ ಕತೆ ಹೇಳಿದಳು. ಕಾಲು ಚಾಚಿ ಹೆಬ್ಬೆರಳು ತೋರಿಸಿದಳು. ಕೆಲವರು ನೋಡಿದರು, ಕೆಲವರು ಆ ಕಡೆ ಮುಖ ತಿರುಗಿಸಿದರು. ಗಡಿಯಾರದ ಅಜ್ಜ ಮಾತ್ರ ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಇಷ್ಟು ವರ್ಷ ತೊಟ್ಟಿಲು ತೂಗಿದ್ದು ನೀವಾ?" ಅಂದರು.

"ಹೂಂ ಅಜ್ಜ."

"ನನ್ನ ಹೆಂಡತಿ ಹೇಳ್ತಿದ್ಲು, ಎಲ್ಲ ಕೆಟ್ಟರೂ ಆ ಮುದುಕಿಗೆ ಬುದ್ಧಿ ಇದೆ, ಅವಳೊಬ್ಬಳು ನಮ್ಮನ್ನ ಕೈಬಿಟ್ಟಿಲ್ಲ ಅಂತ." ಅಷ್ಟು ಹೇಳಿ ಅವರು ಹೊರಟುಬಿಟ್ಟರು. ಹೊಗಳಿದರೋ ಬೈದರೋ ಅವಳಿಗೆ ತಿಳಿಯಲಿಲ್ಲ.

ಅವಳು ಸೀದಾ ಮ್ಯಾನೇಜರ್ ಕೋಣೆಗೆ ಹೋದಳು. ಈ ಸಲ ಅವನು ಕುರ್ಚಿ ತೋರಿಸಲಿಲ್ಲ.

"ನೀವೇ ತಾನೆ ಸಾರ್, ಓಡಿತು ಅಂತ ಬರೀರಿ ಅಂದದ್ದು? ಹಾಗೆ ಬರೆದ್ರೆ ಹೊಸ ಪಂಪು ಬರುತ್ತೆ ಅಂದದ್ದು?"

"ನಾನು ಅಂದೆ ಅಂತ ಎಲ್ಲಾದ್ರೂ ಬರೆದಿದೆಯೇನಮ್ಮ?" ಅವನ ದನಿ ಅದೇ ಬೆಣ್ಣೆ. "ಸಹಿ ನಿಮ್ಮದು. ಓಡೋ ಆಟಕ್ಕೆ ಯಾರಾದ್ರೂ ಹೊಸ ಪಂಪು ತರ್ತಾರಾ? ನೀವೇ ಯೋಚನೆ ಮಾಡಿ."

ಯೋಚನೆ ಮಾಡಲು ಏನೂ ಉಳಿದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ ಕೋಲು ಕೆಳಗಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ಅವನಿಗೆ ಅವಳು ಇಡುವುದಿಲ್ಲ ಎನ್ನುವುದು ಗೊತ್ತಿತ್ತು. ಫಿಟ್ಟರನ ಹೆಂಡತಿ ಗೊಂಬೆ ನಿಲ್ಲುವುದನ್ನು ನೋಡುತ್ತ ನಿಲ್ಲಲಾರಳು ಎಂದು ಲೆಕ್ಕ ಹಾಕಿಯೇ ಅವನು ಅವತ್ತು ಕುರ್ಚಿ ಕೊಟ್ಟದ್ದು. ಅದು ಅವಳಿಗೆ ಹೊಳೆದದ್ದು ಮೆಟ್ಟಿಲು ಇಳಿಯುವಾಗ.

ಮರುದಿನ ಸರಪಳಿ ಬಿಚ್ಚಿ ದೋಣಿ ಬಿಟ್ಟಳು. ಪಕ್ಕದ ಬಾಗಿಲಿಗೆ ಹೋಗಲಿಲ್ಲ. ಕಾಲು ತಾನಾಗಿ ಎರಡು ಹೆಜ್ಜೆ ಹಾಕಿತ್ತು, ವಾಪಸು ಎಳೆದುಕೊಂಡಳು. ನಾಲ್ಕು ನಿಮಿಷ, ಐದು ನಿಮಿಷ, ಆರು. ಒಳಗಿಂದ, "ಯಾರಾದ್ರೂ ಇದ್ದೀರಾ, ನಿಂತುಹೋಯ್ತು" ಅಂತ ಕೂಗು ಬಂತು. ಆಗ ಬಟ್ಟೆ ಮೇಲೆತ್ತಿ ಕಟ್ಟಿ, ಕಾಲುವೆಗೇ ಇಳಿದು, ದೋಣಿಯನ್ನು ಹಗ್ಗ ಹಿಡಿದು ಎಳೆದು ತಂದು ಜನರ ಹತ್ತಿರ ತಪ್ಪಾಯಿತು ಅಂದಳು. ಸಂಜೆ ರಿಜಿಸ್ಟರ್‌ನಲ್ಲಿ ಬರೆದಳು: "ನಿಂತದ್ದು: ಹದಿನಾಲ್ಕು ಸಲ. ಪಂಪು ಸರಿಯಿಲ್ಲ. ತೊಟ್ಟಿಲು ತೂಗಲಿಲ್ಲ." ಹೀಗೆ ಐದು ದಿನ ಬರೆದಳು. ಈಗಲಾದರೂ ಮೇಲಿನವರ ಕಣ್ಣು ತೆರೆಯಬಹುದು ಅಂತ.

ಆರನೇ ದಿನ ಗುಹೆಗೆ ಬೀಗ ಬಿತ್ತು. ಆಟ ಅಪಾಯಕಾರಿಯಾಗಿದೆ, ನಡೆಸುವವಳೇ ಬರೆದುಕೊಟ್ಟಿದ್ದಾಳೆ ಅಂತ ಕಾರಣ. ಓಡಿತು ಅಂದಾಗಲೂ ಅವಳ ಅಕ್ಷರವೇ ಸಾಕ್ಷಿ, ನಿಂತಿತು ಅಂದಾಗಲೂ ಅವಳ ಅಕ್ಷರವೇ ಸಾಕ್ಷಿ. ಬಾಗಿಲಿಗೆ ಬಣ್ಣದ ಬೋರ್ಡು ಬಂತು: "ಹೊಸ ರೂಪದಲ್ಲಿ ಶೀಘ್ರದಲ್ಲೇ ನಿಮ್ಮ ಮುಂದೆ."

"ಬಿಡಕ್ಕ," ಅಂದಳು ತಂಗಿ, ಸೂಜಿಗೆ ದಾರ ಪೋಣಿಸುತ್ತ. ನಾನು ಹೇಳಿರಲಿಲ್ಲವಾ ಅಂತ ಮಾತ್ರ ಅನ್ನಲಿಲ್ಲ. ಅನ್ನದೆ ಬಿಟ್ಟದ್ದೇ ದೋಣಿ ಅಕ್ಕನಿಗೆ ಹೆಚ್ಚು ಚುಚ್ಚಿತು.

ಅವಳನ್ನು ಚೀಲ ಇಡುವ ಕೋಣೆಗೆ ಹಾಕಿದರು. ಮೂವತ್ತು ಕಬ್ಬಿಣದ ಪೆಟ್ಟಿಗೆ, ಮೂವತ್ತು ಬೀಗದ ಕೈ, ಅಲ್ಲಿಗೂ ಒಂದು ರಿಜಿಸ್ಟರ್. ಕಿಟಕಿಯಿಂದ ಗುಹೆಯ ಬಾಗಿಲು ಕಾಣುತ್ತಿತ್ತು. ಎರಡು ವರ್ಷದಲ್ಲಿ ಬೋರ್ಡಿನ ಬಣ್ಣ ಸಿಪ್ಪೆ ಎದ್ದು "ಶೀಘ್ರದಲ್ಲೇ" ಅನ್ನುವ ಜಾಗದಲ್ಲಿ ತಗಡು ಕಂಡಿತು. ಭಾನುವಾರದವರು ಪಾಸು ಮಾಡಿಸುವುದನ್ನೇ ಬಿಟ್ಟರು.

ಗಡಿಯಾರದ ಅಜ್ಜ ಒಂದೇ ಒಂದು ಸಲ ಬಂದರು. ಬೋರ್ಡಿನ ಮುಂದೆ ನಿಂತು, ಆಮೇಲೆ ಅವಳ ಕಿಟಕಿಗೆ ಬಂದು ಕೊಡೆ ಇಡಲು ಕೊಟ್ಟರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

"ಅಜ್ಜ, ನಾನು ತಳ್ಳಬಾರದಿತ್ತು," ಅಂದಳು ಅವಳು. ಎರಡು ವರ್ಷದಿಂದ ಯಾರ ಹತ್ತಿರವಾದರೂ ಅನ್ನಬೇಕು ಅಂತ ಇಟ್ಟುಕೊಂಡಿದ್ದ ಮಾತು ಅದು.

ಅಜ್ಜ ಅರ್ಧ ಮುಚ್ಚಿದ ಕಣ್ಣನ್ನೂ ತೆರೆದು ನೋಡಿದರು. "ತಳ್ಳಿದ್ದು ತಪ್ಪಲ್ಲಮ್ಮ. ಬರೀಬಾರದಿತ್ತು. ನಾನೂ ಎಷ್ಟೋ ಕೆಟ್ಟ ಗಡಿಯಾರಕ್ಕೆ ಕೀ ಕೊಟ್ಟು ಓಡಿಸಿದ್ದೀನಿ. ಸರಿಯಾಗಿದೆ ಅಂತ ಚೀಟಿ ಮಾತ್ರ ಬರೆದುಕೊಡ್ಲಿಲ್ಲ."

ಅವಳು ತಲೆ ಆಡಿಸಿದಳು. ಅವರು ಕೊಡೆ ತೆಗೆದುಕೊಂಡು ಹೋದರು. ಮತ್ತೆ ಬರುತ್ತೀನಿ ಅನ್ನಲಿಲ್ಲ, ಅವಳೂ ಬನ್ನಿ ಅನ್ನಲಿಲ್ಲ. ಯಾವ ಬಾಯಿಂದ ಅನ್ನುವುದು?

ಅವತ್ತು ಸಂಜೆ ಮ್ಯಾನೇಜರ್ ಆ ಕಡೆಯಿಂದ ಹಾದುಹೋಗುವಾಗ ಅವಳ ರಿಜಿಸ್ಟರ್ ತಿರುವಿ ನೋಡಿದ. ಎಂಟನೇ ಪೆಟ್ಟಿಗೆಗೆ ಬೀಗ ಹಿಡಿಯುವುದಿಲ್ಲ. ಹದಿನೇಳರ ಬಾಗಿಲು ಜೋತಿದೆ. ಇಪ್ಪತ್ತೊಂದಕ್ಕೆ ತುಕ್ಕು. ಹಿಂದಿನ ದಿನವೂ ಅದೇ, ಅದರ ಹಿಂದಿನ ದಿನವೂ ಅದೇ, ಪೋಣಿಸಿದ ಮಣಿಯಂಥ ಅಕ್ಷರದಲ್ಲಿ.

"ಇದನ್ನೆಲ್ಲ ಯಾಕಮ್ಮ ಬರೀತೀರಿ? ಸ್ವಲ್ಪ ಒತ್ತಿ ಹಾಕಿದ್ರೆ ಬೀಗ ಬೀಳುತ್ತಲ್ಲ."

"ಒತ್ತೇ ಹಾಕ್ತೀನಿ ಸಾರ್," ಅಂದಳು ದೋಣಿ ಅಕ್ಕ, ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು. "ಒತ್ತಿ ಹಾಕಿದೆ ಅಂತಾನೂ ಬರೀತೀನಿ."