ಹುಚ್ಚಮ್ಮನ ಬ್ರೇಕು, ಅಳಿಯನ ರಿಮ್ಮು

ಶಿವಮೊಗ್ಗ ನಗರದ ಸಮಸ್ತ ಮಹಾಜನರಿಗೆ ಅತ್ಯಂತ ಗಂಭೀರವಾಗಿ ತಿಳಿಯಪಡಿಸುವುದೇನೆಂದರೆ, ದುರ್ಗಿಗುಡಿಯ ವಕೀಲರ ಗುಮಾಸ್ತರೂ ಸೈಕಲ್ ಸವಾರರ ಹಿತರಕ್ಷಣಾ ಸಂಘದ ಕಾರ್ಯದರ್ಶಿಗಳೂ ಆದ ಗಂಗಾಧರಪ್ಪನವರು ತಮ್ಮ ಸೈಕಲ್ಲಿನ ಸೀಟಿಗೆ ಕಡುಗೆಂಪು ಮಖಮಲ್ಲಿನ ಹೊದಿಕೆ ಹೊಲಿಸಿರುತ್ತಾರೆ. ಹೊದಿಕೆಯ ಸುತ್ತ ಹಳದಿ ಗೊಂಡೆಗಳು ಹದಿನಾರು. ಗಾಂಧಿ ಬಜಾರಿನಲ್ಲಿ ಬಟ್ಟೆ ಆರಿಸಲು ಮೂರು ಸಂಜೆ ಹಿಡಿಯಿತು. ಗೊಂಡೆಯ ಬಣ್ಣದ ಬಗ್ಗೆ ಮನೆಯಲ್ಲಿ ಎದ್ದಿದ್ದ ಭಿನ್ನಾಭಿಪ್ರಾಯ ಶಾಂತಿಯುತವಾಗಿ ಬಗೆಹರಿಯಿತು.

ಆ ಸೈಕಲ್ಲಿಗೆ ಬ್ರೇಕ್ ಇಲ್ಲ.

ಈ ಎರಡನೆಯ ಸುದ್ದಿಯನ್ನು ಯಾರೂ ಪ್ರಕಟಿಸಿಲ್ಲ. ನಮ್ಮೂರಿನಲ್ಲಿ ಅದು ಸುದ್ದಿಯೇ ಅಲ್ಲ. ಅದನ್ನು ಸುದ್ದಿಯೆಂದು ತಿಳಿದು ಹೌಹಾರುವ ಜೀವ ಊರಿಗೊಂದೇ ಇದೆ. ಊರೆಲ್ಲ ಹುಚ್ಚಾಟ ಆಡುತ್ತಿದ್ದರೂ ಹೆಸರು ಮಾತ್ರ ಆಕೆಗೆ ಬಂದಿದೆ: ಹುಚ್ಚಮ್ಮ.

ಬೆಳಗಿನ ಐದೂವರೆ. ದುರ್ಗಿಗುಡಿಯಿಂದ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ, ಸೀರೆಯನ್ನು ಎತ್ತಿ ಕಟ್ಟಿದ ಐವತ್ತರ ಹೆಂಗಸೊಬ್ಬರು ಸೈಕಲ್ ತಳ್ಳಿಕೊಂಡು ಓಡುತ್ತಿದ್ದಾರೆ. ಸೀಟಿನ ಮೇಲೆ ಸವಾರನಿಲ್ಲ; ಹಗ್ಗದಲ್ಲಿ ಬಿಗಿದ ಮರಳಿನ ಮೂಟೆಯಿದೆ. ಓಣಿಯ ನಡುವೆ ಆಕೆ ಬ್ರೇಕ್ ಅದುಮುತ್ತಾರೆ. ಸೈಕಲ್ ಕಿರ್ರೆಂದು ನಿಲ್ಲುತ್ತದೆ. ಮೂಟೆ ಮುಂದಕ್ಕೆ ಬಾಗಿ ನಮಸ್ಕಾರ ಮಾಡುತ್ತದೆ. ಚಕ್ರ ಎಷ್ಟು ದೂರ ಜಾರಿತೆಂದು ಆಕೆ ಕುಕ್ಕರಗಾಲಲ್ಲಿ ಕೂತು ಗೇಣು ಹಾಕಿ ಅಳೆಯುತ್ತಾರೆ.

"ಮೂರು ಗೇಣು. ಎರಡಕ್ಕೆ ಬರ್ಬೇಕು" ಎಂದು ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

ಗಿರಾಕಿ ಎಷ್ಟು ತೂಕವೋ ಮೂಟೆಯೂ ಅಷ್ಟೇ ತೂಕ. ಹಾಗೆ ಓಡಿಸಿ ನೋಡದೆ ಹುಚ್ಚಮ್ಮ ಯಾವ ಸೈಕಲ್ಲನ್ನೂ ಮರಳಿ ಕೊಡುವುದಿಲ್ಲ. "ಕೇಳಿದ್ರೆ ಎಲ್ರೂ ತೂಕ ಕಮ್ಮಿ ಹೇಳ್ತಾರೆ ಸ್ವಾಮಿ. ಅದಕ್ಕೇ ಕಣ್ಣಲ್ಲೇ ತೂಗಿ, ಮೇಲೆ ಅರ್ಧ ಮಣ ಸೇರಿಸ್ತೀನಿ."

ನಾನು ನೋಡುತ್ತಿರುವ ಈ ಮೂಟೆ, ಮಣಕ್ಕೆ ಇಪ್ಪತ್ತನಾಲ್ಕು ಪೌಂಡಿನಂತೆ, ಆರೂವರೆ ಮಣದ್ದು, ಅಂದರೆ ಗಂಗಾಧರಪ್ಪನವರದು. ಅಷ್ಟರಲ್ಲಿ ಸ್ವತಃ ಅವರೇ ಬರುತ್ತಾರೆ.

"ಏನಮ್ಮ ಹುಚ್ಚಮ್ಮ, ನನ್ನ ಸೀಟಿನ ಮೇಲೆ ಮರಳು! ಮಖಮಲ್ಲು ಎಲ್ಲಿ?"

"ಒಳಗೆ ಬೆಚ್ಚಗೆ ಮಲಗಿದೆ ಸ್ವಾಮಿ. ಬ್ರೇಕ್ ಹಾಕಿದ್ದೀನಿ, ಹೆಂಗೆ ನಿಲ್ಲುತ್ತೆ ನೋಡಿ."

"ಬ್ರೇಕ್ ಯಾರು ಕೇಳಿದ್ರು? ಪಂಚರ್ ಅಂತ ಬಿಟ್ಟಿದ್ದು ನಾನು. ತೆಗಿ, ತೆಗಿ! ರಿಮ್ಮು ಉಜ್ಜಿ ಹೋಗುತ್ತೆ."

"ನಿಮ್ಮ ಮೂಗು ಉಜ್ಜಿ ಹೋದ್ರೆ?"

"ಮೂಗು ಇಲ್ಲೇ ಹುಟ್ಟಿದ್ದು. ರಿಮ್ಮು ಇಂಗ್ಲೆಂಡಿಂದ ಬಂದದ್ದು, ಮಾರಾಯ್ತಿ!"

ಇದು ತಮಾಷೆಯಲ್ಲ, ನಮ್ಮೂರಿನ ತರ್ಕಶಾಸ್ತ್ರ. ಯುದ್ಧ ಶುರುವಾದಾಗಿನಿಂದ ಹೊಸ ರಿಮ್ಮು ಬರುತ್ತಿಲ್ಲ. ಬ್ರೇಕ್ ಹಿಡಿದರೆ ರಬ್ಬರು ರಿಮ್ಮಿಗೆ ಉಜ್ಜಿ ಹೊಳಪು ಹೋಗುತ್ತದೆ. ಆದ್ದರಿಂದ ರಿಮ್ಮಿನ ಆಯುಸ್ಸು ಹೆಚ್ಚಲೆಂದು ಜನ ಬ್ರೇಕನ್ನೇ ಬಿಚ್ಚಿಟ್ಟಿದ್ದಾರೆ. ಸವಾರರ ಆಯುಸ್ಸಿನ ಮಾತು ಸಭೆಯ ಮುಂದೆ ಇನ್ನೂ ಬಂದಿಲ್ಲ. ನಿಲ್ಲಬೇಕಾದರೆ ಮುಂದಿನ ಟೈರಿಗೆ ಚಪ್ಪಲಿಯ ಅಟ್ಟೆ ಒತ್ತುತ್ತಾರೆ. ಚಪ್ಪಲಿ ಇಲ್ಲದವರು "ಹೋಯ್ ಹೋಯ್" ಎಂದು ಕೂಗಿ ಎದುರಿನವರನ್ನು ನಿಲ್ಲಿಸುತ್ತಾರೆ. ಇವರನ್ನು ಸವಾರರೆನ್ನಬೇಕೋ, ಸಾವಿಗೆ ವಾರ ಗೊತ್ತುಮಾಡಿಕೊಂಡವರೆನ್ನಬೇಕೋ!

ನಂಬಿಕೆ ಬಾರದೆ, ಒಂದು ಬೆಳಿಗ್ಗೆ ಭದ್ರಾವತಿ ರಸ್ತೆಯ ಪಕ್ಕದಲ್ಲಿ ಹುಚ್ಚಮ್ಮನ ಜೊತೆ ನಿಂತು ಎಣಿಸಿದೆ. ಕಾರ್ಖಾನೆಯ ಪಾಳಿಗೆಂದು ಹೋದ ಸೈಕಲ್ಲುಗಳು ಅರವತ್ತಮೂರು. ಎರಡೂ ಬ್ರೇಕ್ ಇದ್ದವು ಹದಿಮೂರು. ಒಂದೇ ಬ್ರೇಕ್ ಇದ್ದವು ಒಂಬತ್ತು. ಏನೂ ಇಲ್ಲದವು ನಲವತ್ತೊಂದು. ತಪ್ಪಿರಬೇಕೆಂದು ಮತ್ತೊಮ್ಮೆ ಕೂಡಿಸಿದೆ. "ಇವತ್ತು ವಾಸಿ" ಎಂದರು ಹುಚ್ಚಮ್ಮ.

ಬಿಚ್ಚಿದ ಬ್ರೇಕುಗಳು ಎಲ್ಲಿಗೆ ಹೋಗುತ್ತವೆಂದು ವಿಚಾರಿಸಿದೆ. ಒಬ್ಬರ ಮನೆಯಲ್ಲಿ ಬ್ರೇಕಿನ ಕಂಬಿಗೆ ಸೊಳ್ಳೆಪರದೆ ಕಟ್ಟಿದ್ದಾರೆ. ಇನ್ನೊಬ್ಬರು ಬ್ರೇಕ್ ರಬ್ಬರನ್ನು ಬಾಗಿಲು ಬಡಿದುಕೊಳ್ಳದಂತೆ ಸಂದಿಗೆ ಸಿಕ್ಕಿಸಿದ್ದಾರೆ. ಬಾಗಿಲು ನಿಲ್ಲುತ್ತಿದೆ, ಮನೆಯ ಯಜಮಾನರು ನಿಲ್ಲುತ್ತಿಲ್ಲ.

ಹುಚ್ಚಮ್ಮನ ಸೈಕಲ್ ಅಂಗಡಿಯ ಬೋರ್ಡಿನಲ್ಲಿ ಇರುವುದು ಗಂಡ ಮಾರಪ್ಪನವರ ಹೆಸರು. ಅವರು ಬಾಗಿಲ ಬಳಿ ಕೂತು ಬಾಡಿಗೆ ಸೈಕಲ್ ಕೊಡುತ್ತಾರೆ, ಯುದ್ಧದ ಸಮಾಚಾರ ಹೇಳುತ್ತಾರೆ. ಕೆಲಸವೆಲ್ಲ ಹಿಂದಿನ ಹಿತ್ತಿಲಿನಲ್ಲಿ. ಹೆಂಗಸು ರಿಪೇರಿ ಮಾಡಿದ ಸೈಕಲ್ ಹತ್ತುವುದು ಗಂಡಸರಿಗೆ ನಾಚಿಕೆಯಂತೆ. "ಮಾರಪ್ಪ, ಚೆನ್ನಾಗಿ ಮಾಡಿದ್ದೀಯ ಕಣಯ್ಯ" ಎಂದು, ಎಲ್ಲ ಗೊತ್ತಿದ್ದೂ, ಹೊಗಳಿ ಹೋಗುತ್ತಾರೆ. ಮಾರಪ್ಪನವರು ಆ ಹೊಗಳಿಕೆಯನ್ನು ಒಂದಿಷ್ಟೂ ಇಟ್ಟುಕೊಳ್ಳದೆ ಹಿತ್ತಿಲಿಗೆ ದಾಟಿಸುತ್ತಾರೆ: "ಇವಳೇ, ಚೆನ್ನಾಗಿದೆಯಂತೆ!"

ಹುಚ್ಚಮ್ಮನ ತವರು ಭದ್ರಾವತಿಯ ಹತ್ತಿರದ ಹಳ್ಳಿ. ತಂದೆ ಎತ್ತಿನಗಾಡಿಯ ಚಕ್ರ ಮಾಡುತ್ತಿದ್ದವರು. "ಇಳಿಜಾರು ಬಂದ್ರೆ ನಮ್ಮಪ್ಪ ಗಾಲಿಗೆ ಮರದ ತುಂಡು ಒತ್ತಿ ತಡೆಯೋರು. ಎತ್ತಿನಗಾಡಿ ಹೋಗೋದು ಆಮೆ ಥರ, ಅದಕ್ಕೇ ತಡೆ ಬೇಕಾಯ್ತು. ಇವರು ಹೋಗೋದು ಗಾಳಿ ಥರ, ಇವರಿಗೆ ಬೇಡ್ವಂತೆ!" ಬಜಾರಿನಲ್ಲಿ ಬ್ರೇಕ್ ರಬ್ಬರೂ ಈಗ ಸಿಗುವುದಿಲ್ಲ. ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನವರು ಎಸೆದ ಟೈರಿನ ಚೂರುಗಳನ್ನು ಹೆಕ್ಕಿ ತಂದು, ಕತ್ತಿಯಲ್ಲಿ ಕೊಯ್ದು, ಆಕೆಯೇ ದಿನಕ್ಕೆ ಮೂರು ನಾಲ್ಕು ಜೊತೆ ಮಾಡುತ್ತಾರೆ. ಎಡಗೈಯ ನಾಲ್ಕು ಬೆರಳಿಗೂ ಬಟ್ಟೆ ಸುತ್ತಿದೆ. ಅದೇನೆಂದು ಕೇಳಿದರೆ, "ಟೈರು ಬಲು ಗಟ್ಟಿ, ಬೆರಳು ಅಷ್ಟಿಲ್ಲ" ಎಂಬುದಷ್ಟೇ ಉತ್ತರ.

ಆದರೆ ಆಕೆಯ ನಿದ್ದೆ ಕೆಡಿಸಿರುವುದು ಟೈರಲ್ಲ, ಅಳಿಯ.

ಮಗಳು ಪುಷ್ಪಮ್ಮನ ಗಂಡ ಪುಟ್ಟಯ್ಯ ಭದ್ರಾವತಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಎರಡು ಬೀದಿಯಾಚೆ ಮನೆ. ದಿನಾ ಬೆಳಿಗ್ಗೆ ಹನ್ನೊಂದು ಮೈಲಿ ಸೈಕಲ್ ಸವಾರಿ. ದಾರಿಯಲ್ಲಿ ಹೊಳೆ ದಾಟಿದ ಮೇಲೆ ಒಂದು ಇಳಿಜಾರು, ಇಳಿಜಾರಿನ ಬುಡದಲ್ಲಿ ತಿರುವು, ತಿರುವಿನಲ್ಲಿ ಕಲ್ಲಿನ ಮೋರಿ. ಎರಡು ತಿಂಗಳಲ್ಲಿ ಆ ಮೋರಿ ಐದು ಹಲ್ಲು, ಒಂದು ಮೊಣಕೈ, ಒಂದು ಕಾಲು ತೆಗೆದುಕೊಂಡಿದೆ. ಪುಟ್ಟಯ್ಯ ದಿನವೂ ಅಲ್ಲಿ ಬ್ರೇಕಿಲ್ಲದೆ ಇಳಿಯುತ್ತಾನೆ. ಪುಷ್ಪಮ್ಮನಿಗೆ ಈಗ ಏಳು ತಿಂಗಳು.

ಹೇಳಿ ನಿಲ್ಲಿಸಬಾರದೇ ಎಂದರೆ, ಅದೇ ಇಲ್ಲಿನ ಕಷ್ಟ. ಇವರ ಮನೆತನದಲ್ಲಿ ಅತ್ತೆ ಅಳಿಯನೊಡನೆ ನೇರವಾಗಿ ಮಾತಾಡುವಂತಿಲ್ಲ, ಅಳಿಯನೂ ಅತ್ತೆಗೆ ನೇರವಾಗಿ ಏನೂ ಹೇಳುವಂತಿಲ್ಲ. ನಡುವೆ ಒಂದು ವಸ್ತು ಬೇಕು. ಹೋದ ತಿಂಗಳು ಪುಟ್ಟಯ್ಯ ಗಾಳಿ ತುಂಬಿಸಲು ಬಂದಾಗ ಅಂಗಡಿಯಲ್ಲಿದ್ದ ವಸ್ತು ಪಂಪು.

ಹುಚ್ಚಮ್ಮ ಬಾಗಿಲ ಮರೆಗೆ ಸರಿದು, "ಪಂಪಪ್ಪಾ, ನೋಡ್ದೇನು? ಭಾನುವಾರ ಹಾಕಿದ ಬ್ರೇಕು ಇವತ್ತಿಲ್ಲ" ಎಂದರು.

ಪುಟ್ಟಯ್ಯ ಪಂಪಿನ ಹಿಡಿ ಒತ್ತುತ್ತ, "ಪಂಪಣ್ಣಾ, ಇದು ಮದುವೇಲಿ ಮಾವನೋರು ಕೊಟ್ಟ ಸೈಕಲ್ಲು. ರಿಮ್ಮಿಗೆ ಗೀರು ಬಿದ್ರೆ ಮರ್ಯಾದೆ ಹೋಗೋದು ಯಾರದು?" ಎಂದ.

"ನಾವು ಸೈಕಲ್ ಕೊಟ್ಟದ್ದು ಹೋಗಿ ಬರೋಕೆ ಪಂಪಪ್ಪಾ. ಬರೀ ಹೋಗೋಕಲ್ಲ."

ಪಂಪು ಎರಡೂ ಕಡೆಯ ಮಾತು ಕೇಳಿ ಉಸ್ಸೆಂದಿತು. ಒಂಬತ್ತು ಸಲ ಆಕೆ ಬ್ರೇಕ್ ಹಾಕಿದ್ದಾರೆ, ಒಂಬತ್ತು ಸಲವೂ ಆತ ಬಿಚ್ಚಿದ್ದಾನೆ. "ನಾನು ಅತ್ತೆಯಾಗಿ ನಿಲ್ಲಿಸೋ ಹಾಗಿಲ್ಲ. ಸರ್ಕಾರದೋರು ನನಗೊಂದು ಅಧಿಕಾರ ಕೊಟ್ರೆ, ಅಧಿಕಾರಿಯಾಗಿ ನಿಲ್ಲಿಸ್ತೀನಿ" ಎನ್ನುತ್ತಿದ್ದರು ಹುಚ್ಚಮ್ಮ. ನಗುತ್ತ ಹೇಳಿದ ಮಾತಲ್ಲ.

ಆ ಅಧಿಕಾರ ಬಂದ ಬಗೆ ಹೀಗೆ. ಮಖಮಲ್ಲಿನ ಗಂಗಾಧರಪ್ಪನವರು ಹಟ ಹಿಡಿದು ಬ್ರೇಕ್ ಬಿಚ್ಚಿಸಿಕೊಂಡು ಹೋದರಲ್ಲ, ಅದರ ನಾಲ್ಕನೇ ದಿನ ಭದ್ರಾವತಿಗೆ ಹೊರಟರು. ಮಖಮಲ್ಲಿನ ಮೇಲೆ ಕೂತವರು ಮೋರಿಯ ಬಳಿ ಮುಖದ ಮೇಲೆ ಬಂದಿಳಿದರು. ಮುಂದಿನ ಎರಡು ಹಲ್ಲು ಹೋದವು. ರಿಮ್ಮಿಗೆ ಒಂದು ಗೀರೂ ಇಲ್ಲ. ಹಲ್ಲು ಹೋದ ಜಾಗದಲ್ಲಿ ಜ್ಞಾನ ಹುಟ್ಟಿತು. ವಾರದೊಳಗೆ ಸಂಘದ ಸಭೆ ಕರೆದು, ತಾವೇ ಕೂತು ನಿಯಮ ಬರೆದು, ಮೇಲಿನ ಕಚೇರಿಯ ಮೊಹರು ಹಾಕಿಸಿ ತಂದರು: ಇಳಿಜಾರಿನ ತಲೆಯಲ್ಲಿ ಒಂದು ಚಪ್ಪರ, ಚಪ್ಪರದಲ್ಲಿ ತಪಾಸಣೆಗೆ ಹುಚ್ಚಮ್ಮ, ಪಕ್ಕದಲ್ಲಿ ಒಬ್ಬ ಪೊಲೀಸ್ ದಫೇದಾರ. ಬ್ರೇಕಿಲ್ಲದವರನ್ನು ತಡೆಯುವುದು, ಅಲ್ಲೇ ಬ್ರೇಕ್ ಹಾಕಿ ಬಿಡುವುದು. ಹುಚ್ಚಮ್ಮ ಹದಿನೈದು ದಿನ ಕೂತು ಐವತ್ತು ಜೊತೆ ರಬ್ಬರು ಕೊಯ್ದರು. ಒಂದು ಜೊತೆಯನ್ನು ಮಾತ್ರ ಬೇರೆ ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟರು. ಯಾರ ಜೊತೆಯೆಂದು ಕೇಳುವ ಅಗತ್ಯವಿರಲಿಲ್ಲ.

ಈ ಸೋಮವಾರ, ಬೆಳಗಿನ ಆರು. ಚಪ್ಪರಕ್ಕೆ ಮಾವಿನ ತೋರಣ. ಗಂಗಾಧರಪ್ಪನವರ ಕೈಯಲ್ಲಿ ಮೊಹರಿನ ಕಾಗದ. ಹುಚ್ಚಮ್ಮ ಒಗೆದ ಸೀರೆಯುಟ್ಟು ಸ್ಪ್ಯಾನರ್ ಹಿಡಿದು ನಿಂತಿದ್ದಾರೆ. ಹೊಳೆಯ ಕಡೆಯಿಂದ ಗುಂಪು ಬರುತ್ತದೆ, ಎಲ್ಲರಿಗಿಂತ ಮುಂದೆ ಪುಟ್ಟಯ್ಯ. ದಫೇದಾರ ಕೈ ಅಡ್ಡ ಹಾಕುತ್ತಾನೆ. ಪುಟ್ಟಯ್ಯ ಟೈರಿಗೆ ಚಪ್ಪಲಿ ಒತ್ತಿ ನಿಲ್ಲುತ್ತಾನೆ.

"ಏನ್ ಸ್ವಾಮಿ ಇದು?"

"ನಿಯಮ!" ಎಂದು ಗಂಗಾಧರಪ್ಪನವರು ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತ ಓದುತ್ತಾರೆ. "ಬ್ರೇಕಿಲ್ಲದ ಸೈಕಲ್ಲನ್ನು ಏರಿ ಬರುವವರನ್ನು ಸದರಿ ಚಪ್ಪರದ ಎದುರು ತಡೆಯತಕ್ಕದ್ದು."

ಪುಟ್ಟಯ್ಯ ಒಂದು ಕ್ಷಣ ಯೋಚಿಸುತ್ತಾನೆ. ಸೈಕಲ್ಲಿನಿಂದ ಇಳಿಯುತ್ತಾನೆ. "ಈಗ?"

ಗಂಗಾಧರಪ್ಪನವರು ಕನ್ನಡಕ ಒರೆಸಿ ಮತ್ತೆ ಓದುತ್ತಾರೆ. ಇಪ್ಪತ್ತು ವರ್ಷ ವಕೀಲರ ಬಳಿ ಸವೆದ ಜೀವ. ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ. "ಕಾನೂನು ಪ್ರಕಾರ… ಈಗ ಇವನು ಪಾದಚಾರಿ."

"ಸ್ವಾಮಿ!" ಎಂದು ಹುಚ್ಚಮ್ಮ ಚೀರುತ್ತಾರೆ. "ಚಪ್ಪರ ದಾಟಿ ಹತ್ತೇ ಹತ್ತು ಮಾರಿಗೆ ಮತ್ತೆ ಹತ್ತುತ್ತಾರೆ! ಅಲ್ಲಿಂದ್ಲೇ ಇಳಿಜಾರು!"

"ಗೊತ್ತಮ್ಮ. ಆದ್ರೆ 'ಏರಿ' ಅಂತ ಬರೆದದ್ದು ನಾನೇ. ಬರೆಯೋಕೆ ಸಣ್ಣ ಸಭೆ ಸಾಕಾಯ್ತು, ತಿದ್ದಬೇಕಾದ್ರೆ ಮಹಾಸಭೆ ಕರೀಬೇಕು. ಮಹಾಸಭೆಗೆ ಇಪ್ಪತ್ತೊಂದು ದಿನದ ನೋಟೀಸು. ಆಮೇಲೆ ಮೊಹರು."

ಹಿಂದಿದ್ದವರು ಕಿವಿಯಿಂದ ಕಿವಿಗೆ ಮಾತು ದಾಟಿಸುತ್ತಾರೆ. ನಾನು ಕಣ್ಣಾರೆ ಕಂಡದ್ದನ್ನು ಈಗಲೂ ನಂಬಲಾರೆ: ಅರ್ಧ ನಿಮಿಷದಲ್ಲಿ ನಲವತ್ತೊಂದು ಸವಾರರು ನಲವತ್ತೊಂದು ಪಾದಚಾರಿಗಳಾದರು. ತೋರಣದ ಎದುರು ಸಾಲಾಗಿ ಸೈಕಲ್ ತಳ್ಳುತ್ತ, ದಫೇದಾರನಿಗೆ ಸಲಾಮು ಹೊಡೆಯುತ್ತ, ಹುಚ್ಚಮ್ಮನ ಐವತ್ತು ಜೊತೆ ರಬ್ಬರಿನ ಕಡೆ ಕಣ್ಣೂ ಹಾಯಿಸದೆ ದಾಟತೊಡಗಿದರು.

ಹುಚ್ಚಮ್ಮ ಸ್ಪ್ಯಾನರನ್ನು ಮೇಜಿನ ಮೇಲಿಡುತ್ತಾರೆ. ಸೆರಗನ್ನು ತಲೆಯ ಮೇಲೆಳೆದು, ಮುಖವನ್ನು ರಸ್ತೆಯ ಆ ಬದಿಗೆ ತಿರುಗಿಸಿ, ಸರಸರನೆ ನಡೆದು, ಚಪ್ಪರ ದಾಟಿದ ಪುಟ್ಟಯ್ಯನ ಸೈಕಲ್ಲಿನ ಹಿಂದಿನ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ.

ಪುಟ್ಟಯ್ಯ ಪೆಡಲಿನ ಮೇಲೆ ಕಾಲಿಡಲು ಹೋಗುತ್ತಾನೆ. ಸೈಕಲ್ ಕದಲುವುದಿಲ್ಲ. ಹಿಂದಕ್ಕೆ ನೋಡುತ್ತಾನೆ, ಬೆಚ್ಚಿ ಮುಂದಕ್ಕೆ ತಿರುಗುತ್ತಾನೆ. ಬಿಡಿ ಎನ್ನುವಂತಿಲ್ಲ, ಅತ್ತೆ. ಕೈ ಕಿತ್ತುಹಾಕುವಂತೆಯೂ ಇಲ್ಲ, ಅತ್ತೆ.

"ಬೆಲ್ಲಣ್ಣಾ," ಎಂದು ತನ್ನ ಗಂಟೆಗೆ ಮೆಲ್ಲಗೆ ಹೇಳುತ್ತಾನೆ, "ಪಾಳಿಗೆ ಹೊತ್ತಾಗುತ್ತೆ."

"ಕ್ಯಾರಿಯರಪ್ಪಾ," ಎಂದು ಸೆರಗಿನೊಳಗಿನಿಂದ ಉತ್ತರ ಬರುತ್ತದೆ, "ಮೋರಿ ದಾಟಲಿ."

ಇಳಿಜಾರಿನುದ್ದಕ್ಕೂ ಮುಂದೆ ಅಳಿಯ ಸೈಕಲ್ ತಳ್ಳುತ್ತ, ಹಿಂದೆ ಅತ್ತೆ ಹಿಡಿದೆಳೆಯುತ್ತ ನಡೆಯುತ್ತಾರೆ. ಅವರ ಪಕ್ಕದಲ್ಲಿ ಉಳಿದ ನಲವತ್ತು ಜನ ಜುಯ್ಯೆಂದು ಹಾಯ್ದು ಹೋಗುತ್ತಾರೆ, ಒಬ್ಬೊಬ್ಬರು ಹಾಯುವಾಗಲೂ ನಾನು ಕಣ್ಣು ಮುಚ್ಚುತ್ತೇನೆ. ಮೋರಿ ದಾಟಿದ ಮೇಲೆ ಹುಚ್ಚಮ್ಮ ಕೈ ಬಿಡುತ್ತಾರೆ. ಪುಟ್ಟಯ್ಯ ಹಿಂದಿರುಗಿ ನೋಡದೆ ಸೈಕಲ್ ಹತ್ತಿ ಹೋಗುತ್ತಾನೆ.

ಏರು ಹತ್ತಿ ಬಂದ ಹುಚ್ಚಮ್ಮ ಚಪ್ಪರದ ನೆರಳಿನಲ್ಲಿ ಕೂತು ಏದುಸಿರು ಬಿಡುತ್ತಾರೆ. ನಾಳೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ನಾಳೆನೂ ಬರ್ತೀನಿ ಸ್ವಾಮಿ, ನಾಡಿದ್ದೂ ಬರ್ತೀನಿ. ನಮ್ಮದೊಂದು ಹೆಂಗೋ ಆಯ್ತು." ರಸ್ತೆಯ ಕಡೆಗೊಮ್ಮೆ ನೋಡುತ್ತಾರೆ. "ಆ ನಲವತ್ತು ಜನಕ್ಕೆ ನಲವತ್ತು ಅತ್ತೆಯರು ಬೇಕಲ್ಲ, ಅದಕ್ಕೇನು ಮಾಡೋದು?"