ಬರೆಯುವುದರ ಪರ ಮತ್ತು ವಿರೋಧ

ಹೊಸ ವರ್ಷದಿಂದ ತಪ್ಪದೆ ಬರೆಯಬೇಕೆಂದು ನಿರ್ಧರಿಸಿ ಬಹಳ ದಿನವಾಗಿತ್ತು. ಹೊಸ ವರ್ಷ ಯಾವುದು ಎಂಬುದೊಂದೇ ತೀರ್ಮಾನವಾಗಬೇಕಿತ್ತು.

ಜನವರಿ ಒಂದು ಎನ್ನೋಣವೆಂದರೆ, ಆ ದಿನ ರೋಣದ ಕಪ್ಪು ಎರಿ ಮಣ್ಣಿನ ಹೊಲದಲ್ಲಿ ಬಿಳಿಜೋಳ ನಿನ್ನೆ ನಿಂತ ಹಾಗೆಯೇ ನಿಂತಿರುತ್ತದೆ. ವರ್ಷ ಬದಲಾದ ಸುದ್ದಿ ಅದಕ್ಕೆ ತಲುಪಿರುವುದಿಲ್ಲ. ಯುಗಾದಿಗೆ ಮರಗಳ ಬೆಂಬಲವಾದರೂ ಇದೆ. ಆದರೆ ಗಜೇಂದ್ರಗಡದ ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿರುವ ಅಪ್ಪನ ಲೆಕ್ಕದ ವರ್ಷ ದೀಪಾವಳಿ ಪಾಡ್ಯಕ್ಕೇ ಶುರು. ಮೂರರ ಪರವಾಗಿಯೂ ವಾದಿಸಿದೆ, ಮೂರನ್ನೂ ಖಂಡಿಸಿದೆ. ಎಲ್ಲ ಸುತ್ತಿನಲ್ಲೂ ನಾನೇ ಗೆದ್ದೆ. ಬರೆದದ್ದು ಮಾತ್ರ ಒಂದು ಸಾಲೂ ಇಲ್ಲ.

ತಪ್ಪು ನನ್ನದಲ್ಲ, ತಾಲೀಮಿನದು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿಸುತ್ತಿದ್ದರು. ಚೀಟಿಯಲ್ಲಿ ‘ಪರ’ ಎಂದಿದ್ದರೆ ಪರ, ‘ವಿರೋಧ’ ಎಂದಿದ್ದರೆ ವಿರೋಧ. ವೇದಿಕೆ ಹತ್ತುವಷ್ಟರಲ್ಲಿ ಅದೇ ನನ್ನ ಹುಟ್ಟಾ ನಂಬಿಕೆಯಾಗಿರುತ್ತಿತ್ತು. ಬಿಳಿ ಹಾಳೆಯ ಮುಂದೆ ಕುಳಿತರೆ ಚೀಟಿ ಕೊಡುವವರಿಲ್ಲ. ನಾನು ಏನನ್ನು ನಂಬುತ್ತೇನೆಂದು ಯಾರನ್ನು ಕೇಳಲಿ?

ಇಂಥವಳಿಗೆ ನರಗುಂದದ ಸಣ್ಣ ವಾರಪತ್ರಿಕೆಯ ಸಂಪಾದಕರು ವಾರವಾರ ಬರೆಯಲು ಪುಟದ ಒಂದು ಮೂಲೆ ಕೊಟ್ಟರು. ಎಲ್ಲೋ ನನ್ನ ಭಾಷಣ ಕೇಳಿದ್ದರಂತೆ.

“ಯುಗಾದಿ ಪಾಡ್ಯಾ ಸಂಜೀ ತನಕ ಬರದ ಕಳಸು, ತಂಗಿ. ಇಲ್ಲಂದ್ರ ಆ ಜಾಗಾ ರಾಶಿಭವಿಷ್ಯದವರು ಕೇಳಾಕತ್ತಾರ. ಅವ್ರು ಹೇಳಿದ್ದು ಖರೇ ಆಗಲಿ ಬಿಡಲಿ, ವಾರಾ ತಪ್ಪಂಗಿಲ್ಲ ನೋಡು.”

ಗ್ರಹಗತಿಯನ್ನು ಅದೆಷ್ಟೋ ವೇದಿಕೆಗಳಲ್ಲಿ ಹೊಡೆದು ಹಾಕಿದವಳು ನಾನು. ನನ್ನ ಸೋಮಾರಿತನದಿಂದ ಮೇಷ ರಾಶಿಯವರಿಗೆ ಧನಲಾಭವಾಗುವುದನ್ನು ಹೇಗೆ ಸಹಿಸಲಿ?

ಪಾಡ್ಯದ ಬೆಳಿಗ್ಗೆ ಕಾಕಿ ಬೇವಿನ ಬಟ್ಟಲು ಕೈಗಿತ್ತು ಹೇಳಿದಳು: “ಇವತ್ತ ಏನ್ ಮಾಡ್ತಿ, ವರ್ಷಾ ಪೂರ್ತಿ ಅದ ಆಕ್ಕೈತಿ. ಬಾಯಿ ಮುಚ್ಚಿ ಬರಕೋಂತ ಕುಂದರ್.”

ನಾನು ಬಿಡಲಿಲ್ಲ. “ಹೋದ ಪಾಡ್ಯಾಕ್ಕ ಹೋಳಿಗಿ ಮಾಡಿದ್ದಿ ಅಲ್ಲಾ ಕಾಕಿ, ವರ್ಷಾ ಪೂರ್ತಿ ಹೋಳಿಗಿ ಎಲ್ಲಿ ತಿಂದ್ವಿ?”

“ವರ್ಷಾ ಪೂರ್ತಿ ಒಲಿ ಮುಂದ ನಿಂತೀನಿ. ಅದು ಕಾಣ್ಲಿಲ್ಲೇನ್ ನಿನಗ?”

ಇದಕ್ಕೆ ಉತ್ತರ ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯಿತು. ಕಾಕಿಯ ಮಾತು ನಿಜವಾದರೆ ಈ ವರ್ಷವೆಲ್ಲ ನಾನು ವಾದ ಮಾಡುತ್ತಲೇ ಇರಬೇಕು, ಬರೆಯುವ ಪ್ರಶ್ನೆಯೇ ಇಲ್ಲ. ಸುಳ್ಳಾದರೆ ಪಾಡ್ಯಕ್ಕೆ ಯಾವ ಶಕ್ತಿಯೂ ಇಲ್ಲ. ಆಗ ಈ ದಿನ ಮಾಡಿದ ಸಂಕಲ್ಪಕ್ಕೂ ಇಲ್ಲ. ಎರಡೂ ದಾರಿಗಳು ಬರೆಯದಿರುವ ಕಡೆಗೇ ಹೋಗುತ್ತವೆ. ತಲೆ ಕೆಟ್ಟು, ಹೊಸ ವರ್ಷದ ಸಂಕಲ್ಪವೂ ಒಂದು ಮೂಢನಂಬಿಕೆ ಎಂದು ಸಿಟ್ಟಿನಲ್ಲಿ ಬರೆದು, ಹೊತ್ತು ಮುಳುಗುವ ಮುಂಚೆ ಮೊಬೈಲಿನಲ್ಲಿ ನರಗುಂದಕ್ಕೆ ಕಳಿಸಿಬಿಟ್ಟೆ.

ಸಂಪಾದಕರ ಫೋನು ಬಂತು. “ಚಲೋ ಐತಿ. ಆದ್ರ ಇದನ್ನ ಸುಳ್ಳ ಮಾಡಿ ಬರಿಯಾವ್ರು ಯಾರರ ಸಿಕ್ಕಿದ್ರ ಮುಂದಿನ ವಾರಾ ಹಾಕ್ತಿದ್ದೆ. ಯಾರರ ಅದಾರೇನು?”

“ಬ್ಯಾರೇದವ್ರು ಯಾಕ್ರಿ?” ಎಂದೆ. “ಅದರಾಗ ಎಲ್ಲೆಲ್ಲಿ ತೂತ ಅದಾವ ನನಗ ಗೊತ್ತಿಲ್ಲೇನ್ರಿ?”

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಏನು ಒಪ್ಪಿಕೊಂಡೆನೆಂದು ತಿಳಿದದ್ದು. ಎರಡನೆಯ ವಾರ ನನ್ನನ್ನು ನಾನೇ ಚೆನ್ನಾಗಿ ಸೋಲಿಸಿದೆ. ಈಗ ಸೋತವಳಿಗೆ ವಿಪರೀತ ಸಿಟ್ಟು ಬಂದಿದೆ. ಮೂರನೆಯ ವಾರಕ್ಕೆ ಉತ್ತರ ಬರೆಯುತ್ತ ಕುಳಿತಿದ್ದಾಳೆ. ಈ ಇಬ್ಬರಲ್ಲಿ ನಾನು ಯಾರೆಂಬುದು ನನಗಿನ್ನೂ ತಿಳಿದಿಲ್ಲ. ಅದು ತಿಳಿದ ದಿನ ಬರವಣಿಗೆ ನಿಂತೀತೆಂಬ ಭಯದಿಂದ, ಹೆಚ್ಚು ವಿಚಾರಿಸಲೂ ಹೋಗಿಲ್ಲ.