ಬೇರಿಂಗ್ ಮುಟ್ಟಿದ ಕೈ

ವಿದ್ಯುತ್ ಕೇಂದ್ರದ ಆಪರೇಟರಮ್ಮನ ಗಂಡ ಅಲ್ಲಿಯೇ ಫಿಟ್ಟರ್. ಯಾವ ಬಿಸಿಯನ್ನೂ ಮೊದಲು ಕೈಯ ಹಿಂಬದಿಯಿಂದ ನೋಡುವುದು ಅವನ ಅಭ್ಯಾಸ. ಬೇರಿಂಗ್ ಆಗಲಿ, ಟೀ ಲೋಟವಾಗಲಿ, ಮಗಳ ಹಣೆಯಾಗಲಿ. "ನಾನು ಕೂಡಿಸಿದ ಮೇಲೆ ಯಾವ ಮೆಷಿನ್ನೂ ನಿಂತಿಲ್ಲ" ಎಂದು ಊರಿಗೆಲ್ಲ ಡಂಗುರ ಸಾರುತ್ತಿದ್ದ. ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು. ಆದರೂ ಒಳಗೊಳಗೇ ಹೆಮ್ಮೆ ಇತ್ತೆನ್ನಿ.

ಅಂದು ಬೆಳಿಗ್ಗೆ ಮೆಷಿನ್ ಮತ್ತೆ ಶುರುವಾದ ಮೇಲೆ ಕಂಟ್ರೋಲ್ ರೂಮಿನ ಮೀಟರಿನಲ್ಲಿ ಟರ್ಬೈನಿನ ಒಂದು ಬೇರಿಂಗಿನ ಬಿಸಿ ಏರತೊಡಗಿತು. ಅದರ ಎಣ್ಣೆ ತಣಿಸುವ ಕೂಲರನ್ನು ಹಿಂದಿನ ದಿನವಷ್ಟೇ ಗಂಡ ತೊಳೆದು ಕೂಡಿಸಿದ್ದ. ಮೆಷಿನ್ನಿನ ಮೇಲಿನ ಲೋಡ್ ಇಳಿಸಿ ನೋಡಿದಳು. ಬಿಸಿ ಮಾತ್ರ ಇಳಿಯಲೊಲ್ಲದು. ಕೆಳಗೆ ಫೋನ್ ಮಾಡಿದಳು.

"ರೀ, ಬೇರಿಂಗ್ ಕಾಯ್ತಾ ಇದೆ. ಕೂಲರ್ ನೋಡ್ರಿ."

"ಕೂಲರ್ ಸರಿಯಾಗೇ ಇದೆ ಕಣೇ. ನಿನ್ನ ಮೀಟರ್‌ಗೆ ಹುಚ್ಚು."

"ಹಾಗಾದ್ರೆ ಮುಟ್ಟಿ ನೋಡಿ."

ಫೋನ್ ಹಿಡಿದೇ ಅವನು ಬೇರಿಂಗಿನತ್ತ ನಡೆದ, ಟರ್ಬೈನಿನ ಮೊರೆತ ಹತ್ತಿರವಾಯಿತು. ಆಮೇಲೆ "ಸ್ಸ್!" ಎಂದ. "ಸ್ವಲ್ಪ ತಡಿಯೇ, ನಿಲ್ಲಿಸ್ಬೇಡ. ನನ್ನ ಮರ್ಯಾದೆ ಏನಾಗ್ಬೇಕು?"

ತಡೆದರೆ ಬೇರಿಂಗಿನ ಒಳಮೈಯ ಮೆತ್ತನೆ ಲೋಹ ಕರಗಿ, ಶಾಫ್ಟೂ ಕೆಟ್ಟು, ಕೇಂದ್ರವೇ ತಿಂಗಳುಗಟ್ಟಲೆ ಬಾಗಿಲು ಹಾಕಬೇಕು. ನಿಲ್ಲಿಸಿದರೆ ಗಂಡನ ಹೆಸರಿಗೆ ಮಸಿ. ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ ಎಂದು ಕೆಂಪು ಬಟನ್ ಒತ್ತಿಯೇ ಬಿಟ್ಟಳು.

ಜೊತೆಯವಳನ್ನು ತನ್ನ ಜಾಗದಲ್ಲಿ ಕೂರಿಸಿ ಅವಳು ಕೆಳಗೆ ಓಡಿದಾಗ ಗಂಡ ಕೂಲರಿನ ಮೇಲಿನ ಪುಟ್ಟ ತಿರುಪನ್ನು ಸಡಿಲಿಸುತ್ತಿದ್ದ. ಬುಸ್ಸೆಂದು ಗಾಳಿ ಹೊರಬಿತ್ತು, ಹಿಂದೆಯೇ ನೀರು. ಕೂಡಿಸಿದ ಮೇಲೆ ಗಾಳಿ ಬಿಡುವುದನ್ನೇ ಮಹಾರಾಯ ಮರೆತಿದ್ದ. ಒಳಗೆ ಗಾಳಿ ಕೂತು ತಣ್ಣೀರಿಗೆ ದಾರಿಯೇ ಇರಲಿಲ್ಲ.

ಎಲ್ಲ ತಣಿದ ಮೇಲೆ ಬೇರಿಂಗ್ ಬಿಚ್ಚಿದರು. ಅವಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ನೋಡೇ ಇಲ್ಲಿ," ಎಂದ ಗಂಡ.

ಒಳಮೈ ಬೆಳ್ಳಗೆ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ. ಅಬ್ಬಾ, ಅವಳಿಗೆ ಹೋದ ಜೀವ ಬಂದಂತಾಯಿತು.

"ಇನ್ನೊಂಚೂರು ತಡೆದಿದ್ರೆ ಕರಗಿ ಹೋಗ್ತಿತ್ತು," ಎಂದ ಅವನು, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ. "ಗಾಳಿ ಬಿಡೋದು ಮರೆತವನು ನಾನು. ಉಳಿಸಿದವಳು ಇವಳು."

ಅಲ್ಲಿಯ ತನಕ ಗಟ್ಟಿಯಾಗಿ ನಿಂತಿದ್ದ ಅವಳು ಆಗ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅವನು ಎಣ್ಣೆ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿ, ಅದರ ಹಿಂಬದಿಯನ್ನು ಅವಳ ಹಣೆಗಿಟ್ಟ.

"ಮೀಟರ್ ತರಿಸ್ಲಾ?" ಎಂದಳು, ಅಳು ನಗು ಎರಡೂ ಒಟ್ಟಿಗೇ ಬಂದು.

"ಬೇಡ. ಇಳೀತಾ ಇದೆ."